ಕತ್ತಿನ ಪೈಪಿನೊಳಗಿನ ಪಾಚಿ

ನಮಸ್ಕಾರ. ನಾನು ಡಯಾಲಿಸಿಸ್ ಟೆಕ್ನಿಷಿಯನ್, ಅಂದರೆ ಕಿಡ್ನಿ ಕೈಕೊಟ್ಟವರ ರಕ್ತವನ್ನು ಮೆಷಿನ್‌ನಲ್ಲಿ ಶುದ್ಧ ಮಾಡುವವನು. ಇವತ್ತು ನಿಮಗೊಂದು ಮಫ್ಲರಿನ ಕಥೆ ಹೇಳಬೇಕು.

ನಮ್ಮ ವಾರ್ಡಿಗೆ ಒಬ್ಬ ಅಜ್ಜ ವಾರಕ್ಕೆ 2 ಸಲ ಬರುತ್ತಾರೆ, ಮೊಮ್ಮಗನ ಬೈಕಿನಲ್ಲಿ. ಒಂದು ದಿನ ಸುಡು ಬೇಸಿಗೆಯಲ್ಲಿ ಮಫ್ಲರ್ ಸುತ್ತಿಕೊಂಡು ಬಂದರು. ಜ್ವರ ಇಲ್ಲ, ಇಡ್ಲಿ ತಿಂದು ಬಂದಿದ್ದಾರೆ, ಮಾತೂ ಜೋರಾಗೇ ಇದೆ. ಮೆಷಿನ್‌ಗೆ ಹಾಕಿ ಅರ್ಧ ಗಂಟೆ ಆಗಿರಬೇಕು, ಹಲ್ಲು ಕಟಕಟ ಅನ್ನತೊಡಗಿತು. ಮಂಚವೇ ಅಲ್ಲಾಡುವಂಥ ನಡುಕ. "ತಮ್ಮಾ, ಆ ಎ.ಸಿ. ಆರಿಸಪ್ಪ" ಅಂದರು. ಆರಿಸಿದೆವು, 2 ರಗ್ಗು ಹೊದಿಸಿದೆವು, ನಿಲ್ಲಲಿಲ್ಲ. ಕೇಳಿದರೆ ಹೋದ ಸಲವೂ ಸ್ವಲ್ಪ ಹೀಗೇ ಆಗಿತ್ತಂತೆ, ಎ.ಸಿ.ಯದೇ ಕಾಟ ಅಂದುಕೊಂಡು ಯಾರಿಗೂ ಹೇಳದೆ ಹೊದ್ದು ಮಲಗಿದ್ದರಂತೆ, ಅದಕ್ಕೇ ಈ ಸಲ ಮಫ್ಲರ್.

ಎ.ಸಿ.ಯ ತಪ್ಪೇನೂ ಇರಲಿಲ್ಲ. ಕಾಟ ಇದ್ದದ್ದು ಮಫ್ಲರಿನ ಕೆಳಗೆ, ಕತ್ತಿನ ಪೈಪಿನೊಳಗೆ.

ಇದಕ್ಕೆ ಪರ್ಮ್‌ಕ್ಯಾತ್ ಅನ್ನುತ್ತಾರೆ. ರಕ್ತ ಮೆಷಿನ್‌ಗೆ ಹೋಗಿ ಬರಲು ಹಾಕುವ ಮೆತ್ತನೆಯ ಕೊಳವೆ. ಒಂದು ತುದಿ ಕತ್ತಿನ ದೊಡ್ಡ ರಕ್ತನಾಳದಿಂದ ಇಳಿದು ಹೃದಯದವರೆಗೂ ಹೋಗುತ್ತದೆ. ಇನ್ನೊಂದು ಚರ್ಮದ ಅಡಿಯಲ್ಲೇ ಸ್ವಲ್ಪ ದೂರ ಹಾದು ಎದೆಯ ಮೇಲೆ ಹೊರಬರುತ್ತದೆ, ಅಲ್ಲಿ ಒಂದು ಕೆಂಪು ಕ್ಲಿಪ್ಪು, ಒಂದು ನೀಲಿ. ಚರ್ಮದಡಿ ಬಟ್ಟೆಯಂಥ ಒಂದು ಪಟ್ಟಿ ಇರುತ್ತದೆ, 2–3 ವಾರದಲ್ಲಿ ಮಾಂಸ ಅದಕ್ಕೆ ಹೆಣೆದುಕೊಳ್ಳುತ್ತದೆ. ಪೈಪು ಜಾರುವುದಿಲ್ಲ, ಹೊರಗಿನ ಕ್ರಿಮಿಗೂ ಅದೊಂದು ಬೇಲಿ.

ಬೇಲಿ ಇದ್ದರೂ ಕ್ರಿಮಿ ಬರುತ್ತದೆ. ಆಸ್ಪತ್ರೆ ಗಲೀಜು ಅಂತ ಜನ ಬಯ್ಯುತ್ತಾರೆ, ಕೆಲವು ಸಲ ಅದು ನಿಜವೂ ಹೌದು. ಆದರೆ ಎಷ್ಟೋ ಸಲ ಅದು ರೋಗಿಯ ಚರ್ಮದ ಮೇಲೆ, ಮೂಗಿನೊಳಗೆ ಸುಮ್ನೆ ಕೂತಿದ್ದ ಸ್ಟೆಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಮೊದಮೊದಲು ಪೈಪಿನ ಹೊರಮೈ ಹಿಡಿದು ನುಸುಳುತ್ತದೆ. ತಿಂಗಳು ಕಳೆದ ಮೇಲೆ ಪೈಪಿನ ಹೊರತುದಿಯ ಮುಚ್ಚಳದ ದಾರಿಯೇ ಜಾಸ್ತಿ. ವಾರಕ್ಕೆ 2 ಡಯಾಲಿಸಿಸ್ ಅಂದರೆ ವರ್ಷಕ್ಕೆ 104 ಸಲ ಆ ಮುಚ್ಚಳ ಬಿಚ್ಚಬೇಕು. ಪ್ರತಿ ಸಲವೂ ನಮ್ಮ ಕೈ, ನಿಮ್ಮ ಉಸಿರು. ಅದಕ್ಕೇ ಇಬ್ಬರೂ ಮಾಸ್ಕ್ ಹಾಕಬೇಕು ಅನ್ನುವುದು. ಆ ಹೊತ್ತಿಗೆ ಸರಿಯಾಗಿ ಮಾಸ್ಕ್ ಇಳಿಸಿ ಫೋನಿನಲ್ಲಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಒಳಗೆ ಹೊಕ್ಕ ಕ್ರಿಮಿ ಪೈಪಿನ ಗೋಡೆಗೆ ಅಂಟಿಕೊಂಡು ತನ್ನ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ. ಬಯೋಫಿಲ್ಮ್ ಅಂತ ಅದರ ಹೆಸರು, ನಾನು ಪಾಚಿ ಅಂತಲೇ ಹೇಳುವುದು. ಮಳೆಗಾಲದಲ್ಲಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ನೋಡಿದ್ದೀರಲ್ವಾ? ಎಷ್ಟು ಕೊಡ ನೀರು ಸುರಿದರೂ ಜಾರುತ್ತಲೇ ಇರುತ್ತದೆ, ತೆಂಗಿನ ನಾರು ಹಿಡಿದು ತಿಕ್ಕಲೇಬೇಕು. ಪೈಪಿನೊಳಗೆ ತಿಕ್ಕುವುದು ಹೇಗೆ? ಆಂಟಿಬಯೋಟಿಕ್ ಕೂಡ ಸುರಿದ ನೀರಿನ ಹಾಗೇ. ರಕ್ತದಲ್ಲಿ ತೇಲುವ ಕ್ರಿಮಿ ಸಾಯುತ್ತದೆ, ಜ್ವರ ಬಿಡುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ಲೋಳೆಯೊಳಗೆ ಕೂತದ್ದು ಮಾತ್ರ ಕೂತಲ್ಲೇ ಇರುತ್ತದೆ. ಮುಂದಿನ ಸಲ ಮೆಷಿನ್ ಓಡಿ, ನಿಮಿಷಕ್ಕೆ 250–300 ಮಿ.ಲೀ. ರಕ್ತ ಆ ಪೈಪಿನಲ್ಲಿ ಹರಿದಾಗ ಪಾಚಿಯ ಚೂರು ಕಿತ್ತು ಬರುತ್ತದೆ. ಅಜ್ಜನಿಗೆ ಬಂದ ಚಳಿ ಅದು.

ಆವತ್ತು ಪೈಪಿನಿಂದ ಒಂದು, ಕೈಯಿಂದ ಒಂದು ಅಂತ ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿ ಕ್ರಿಮಿ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ, ರಕ್ತ ತೆಗೆದೆವು. ಪೈಪಿನ ರಕ್ತದಲ್ಲಿ ಕ್ರಿಮಿ ಕೈಯ ರಕ್ತಕ್ಕಿಂತ ಕನಿಷ್ಠ 2 ಗಂಟೆ ಮುಂಚೆ ಬೆಳೆದು ಕಾಣಿಸಿದರೆ ಮೂಲ ಪೈಪೇ ಅಂತ ಲೆಕ್ಕ. ಹಾಗೇ ಬಂತು. ತೆಗೆಸಬೇಕು ಅಂದಾಗ ಮೊಮ್ಮಗ ಒಪ್ಪಲಿಲ್ಲ. "ಅಷ್ಟು ದುಡ್ಡು ಕೊಟ್ಟು ಹಾಕಿಸಿದ್ದು, ಚೆನ್ನಾಗೇ ಓಡ್ತಿದೆಯಲ್ಲಾ ಸರ್?" ಅಂದ. ಕೆಲವು ಕ್ರಿಮಿಯಾದರೆ ಪೈಪಿನೊಳಗೇ ಔಷಧಿ ತುಂಬಿ ನಿಲ್ಲಿಸಿ ನೋಡುವುದುಂಟು. ಸ್ಟೆಫಿಲೊಕಾಕಸ್‌ನಲ್ಲೇ ಆರಿಯಸ್ ಅನ್ನುವ ಜಾತಿ ಆದರೆ ಹಾಗೆ ಕಾಯುವ ಮಾತೇ ಇಲ್ಲ, ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹೋಗಿ ಕೂತುಬಿಡುತ್ತದೆ. ಅಜ್ಜನದು ಆರಿಯಸ್. ಪೈಪು ತೆಗೆದರು.

ಮನೆಯಲ್ಲಿ ಮಾಡುವುದು ಬಹಳ ಏನಿಲ್ಲ. ಡ್ರೆಸ್ಸಿಂಗ್ ಒದ್ದೆ ಆಗಬಾರದು. ಪೈಪು ಹೊರಬರುವ ಜಾಗಕ್ಕೆ ಅರಿಶಿನ ಹಚ್ಚಿಕೊಂಡು ಬಂದವರಿದ್ದಾರೆ, ದಯವಿಟ್ಟು ಬೇಡ. ಚಳಿ ಬಂದರೆ, ಒಂದೇ ಸಲ ಬಂದು ಹೋದರೂ, ಆ ಕ್ಷಣವೇ ಹೇಳಿ.

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. 1966ರಲ್ಲೇ ನ್ಯೂಯಾರ್ಕಿನ ಡಾಕ್ಟರುಗಳು ಕೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಫಿಸ್ಟುಲಾ ಮಾಡುವುದನ್ನು ತೋರಿಸಿಕೊಟ್ಟರು. ನಿಮ್ಮದೇ ರಕ್ತನಾಳ, ಪಾಚಿ ಕಟ್ಟುವ ಪ್ಲಾಸ್ಟಿಕ್ಕೇ ಇಲ್ಲ. ಆದರೆ ಅದು ಬಲಿಯಲು 6–8 ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ನಮ್ಮವರು ಪ್ರತಿ ಸಲ ಅದಕ್ಕೆ ಚುಚ್ಚುವ ಸೂಜಿಯ ಭಯಕ್ಕೆ "ಪೈಪೇ ಇರಲಿ ಬಿಡಿ" ಅಂತ ತಿಂಗಳುಗಟ್ಟಲೆ ತಳ್ಳುತ್ತಾರೆ. ಎಲ್ಲರ ರಕ್ತನಾಳಕ್ಕೂ ಅದು ಒಗ್ಗುವುದಿಲ್ಲ, ನಿಜ. ಆದರೂ ಕತ್ತಿಗೆ ಪೈಪು ಹಾಕಿದ ದಿನವೇ "ಇದನ್ನು ತೆಗೆಯುವುದು ಯಾವಾಗ, ಫಿಸ್ಟುಲಾ ಯಾವಾಗ" ಅಂತ ಕೇಳಿಬಿಡಿ. ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಅಜ್ಜನಿಗೆ ಈಗ ಎಡಗೈಯಲ್ಲಿ ಫಿಸ್ಟುಲಾ ಇದೆ. ಮುಟ್ಟಿದರೆ ಜೀರುಂಡೆ ಹಿಡಿದ ಹಾಗೆ ಗುಂಯ್ ಅನ್ನುತ್ತದೆ, ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತಾರೆ. ಮಫ್ಲರ್ ಮಾತ್ರ ಈಗಲೂ ತರುತ್ತಾರೆ. ನಮ್ಮ ಎ.ಸಿ. ನಿಜವಾಗಿಯೂ ಜಾಸ್ತಿಯಂತೆ.