ಅದೇ ಕಥೆ, ಬೇರೆ ಕೈರುಚಿ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಅಡುಗೆಮನೆಯಲ್ಲಿ ಇರುತ್ತೀರಿ. ಒಂದು ಕಡೆ ಸಾರು ಕುದಿಯುತ್ತಿರುತ್ತದೆ, ಇನ್ನೊಂದು ಕಡೆ ರೇಡಿಯೊ. ಹಾಗಿದ್ದರೆ ಬಹಳ ಒಳ್ಳೆಯದಾಯಿತು. ನಾನು ಇವತ್ತು ಮಾತಾಡಬೇಕಿರುವುದು ಚೀನಾದ ಕತ್ತಿವರಸೆ ಕಾದಂಬರಿಗಳ ಬಗ್ಗೆ, ಅವು ಟೀವಿಯಲ್ಲಿ ಮತ್ತೆ ಮತ್ತೆ ಬರುವುದರ ಬಗ್ಗೆ. ಆದರೆ ಆ ಕಥೆಗಳು ನನಗೆ ಅರ್ಥವಾಗಿದ್ದು ಒಂದು ಅಡುಗೆಮನೆಯಿಂದಲೇ.

ನಾನು ಚೀನೀ ಭಾಷೆ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಗಳು ಫೋನಿನಲ್ಲಿ ಚೀನೀ ಧಾರಾವಾಹಿ ನೋಡುತ್ತಾರೆ. ಪ್ರತಿ ವರ್ಷ ಯಾರಾದರೂ ಒಬ್ಬರು ಬಂದು ಕೇಳುತ್ತಾರೆ. "ಮೇಡಂ, ಅದೇ ಕಥೇನ ಎಷ್ಟು ಸಲ ಮಾಡ್ತಾರೆ? ಅವರಿಗೆ ಹೊಸ ಕಥೆ ಸಿಗಲ್ವಾ?" ನಿಜ ಹೇಳುತ್ತೇನೆ, ಈ ಪ್ರಶ್ನೆ ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಕಥೆ ಗೊತ್ತಿದ್ದಾಗಲೇ ಅಲ್ವಾ ಕೈರುಚಿ ಗೊತ್ತಾಗುವುದು? ಇವತ್ತು ನಾನು ಹೇಳಬೇಕಿರುವ ಮಾತು ಇದೊಂದೇ. ಇನ್ನೂ ಎರಡು ಮೂರು ಸಲ ಹೇಳುತ್ತೇನೆ.

ಮೊದಲು ಬರೆದವರ ಪರಿಚಯ ಮಾಡಿಕೊಳ್ಳೋಣ. ಅವರ ಹೆಸರು ಜಿನ್ ಯೊಂಗ್. ಇದು ಅವರ ಕಾವ್ಯನಾಮ. ಹುಟ್ಟಿದ್ದು 1924ರಲ್ಲಿ, ಚೀನಾದ ಝೆಜಿಯಾಂಗ್ ಪ್ರಾಂತ್ಯದ ಹೈನಿಂಗ್ ಎಂಬಲ್ಲಿ. ಬದುಕು ಕಟ್ಟಿಕೊಂಡಿದ್ದು ಹಾಂಗ್‌ಕಾಂಗ್‌ನಲ್ಲಿ, ಪತ್ರಕರ್ತರಾಗಿ. 1955ರಿಂದ 1972ರವರೆಗೆ ಹದಿನೈದು ಕಥೆಗಳನ್ನು ಬರೆದರು. ಹೆಚ್ಚಿನವು ಕೆಲವು ಸಂಪುಟಗಳಷ್ಟು ಉದ್ದದ ಕಾದಂಬರಿಗಳು. ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದವು. ಇವತ್ತು ಬರೆದದ್ದು ನಾಳೆ ಅಚ್ಚಾಗಬೇಕು. 1959ರಲ್ಲಿ 'ಮಿಂಗ್ ಪಾವ್' ಎಂಬ ತಮ್ಮದೇ ಪತ್ರಿಕೆ ಶುರುಮಾಡಿದಾಗ ಅದರಲ್ಲೂ ತಮ್ಮ ಕಾದಂಬರಿಯನ್ನೇ ಹಾಕಿದರು. 2018ರ ಅಕ್ಟೋಬರ್ 30ರಂದು ತೀರಿಕೊಂಡರು.

ಅವರ ಎಲ್ಲ ಕಥೆಗಳಲ್ಲಿ ಜನಕ್ಕೆ ತುಂಬಾ ಹತ್ತಿರವಾದದ್ದು ಗುವೊ ಜಿಂಗ್ ಎಂಬ ಹುಡುಗನ ಕಥೆ. ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಬೆಳೆದವನು. ಮಾತು ಕಮ್ಮಿ, ತಲೆಗೆ ಹತ್ತುವುದು ನಿಧಾನ, ಮನಸ್ಸು ಮಾತ್ರ ಚಿನ್ನ. ಅವನ ಜೊತೆಗೆ ಹುವಾಂಗ್ ರೊಂಗ್ ಎಂಬ ಹುಡುಗಿ. ಮಿಂಚಿನಂಥ ಬುದ್ಧಿ. ಇವರಿಬ್ಬರ ಕಥೆ ಟೀವಿಯಲ್ಲಿ ಮೊದಲು ಬಂದದ್ದು 1976ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಆಮೇಲೆ 1983, 1988, 1994, 2003, 2008, 2017. ಕಡೇಪಕ್ಷ ಏಳು ಸಲ! ಏಳು ಜನ ಗುವೊ ಜಿಂಗ್, ಏಳು ಜನ ಹುವಾಂಗ್ ರೊಂಗ್.

ಈಗ ಅಡುಗೆಮನೆಗೆ ಬರುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಗಪುರದಲ್ಲಿದ್ದೆ. ಅಲ್ಲಿನ ತೊವಾ ಪಾಯೊ ಬಡಾವಣೆಯಲ್ಲಿ ಒಂದು ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಆ ಮನೆಯಲ್ಲಿ ಒಬ್ಬರು ಅಜ್ಜಿ. ಮೊಮ್ಮಕ್ಕಳು 'ಪೋಪೋ' ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಪೋಪೋ ಆಡುತ್ತಿದ್ದದ್ದು ಕ್ಯಾಂಟೊನೀಸ್, ಅಂದರೆ ಹಾಂಗ್‌ಕಾಂಗ್‌ನವರು ಆಡುವ ಚೀನೀ ನುಡಿ. ಆದರೆ ಆಗ ಸಿಂಗಪುರದ ಟೀವಿಯಲ್ಲಿ ಹಾಂಗ್‌ಕಾಂಗ್‌ನ ಧಾರಾವಾಹಿಗಳೆಲ್ಲ ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್ ಮಾತಾಡುತ್ತಿದ್ದವು. 1979ರಲ್ಲಿ ಅಲ್ಲಿನ ಸರ್ಕಾರ 'ಮ್ಯಾಂಡರಿನ್ ಮಾತಾಡಿ' ಅಂತ ಒಂದು ಆಂದೋಲನ ಶುರುಮಾಡಿತ್ತು, ಅದಾದ ಮೇಲೆ ಎಲ್ಲವೂ ಡಬ್ ಆಗತೊಡಗಿತು. ಪೋಪೋಗೆ ಅದು ಸೇರುತ್ತಿರಲಿಲ್ಲ. ಗಡಿಯಾಚೆ ಮಲೇಷ್ಯಾದ ಜೊಹೋರ್ ಬಾರುವಿನಿಂದ ಮಗನ ಕೈಲಿ ಕ್ಯಾಂಟೊನೀಸ್ ಕ್ಯಾಸೆಟ್ ತರಿಸಿ ಇಟ್ಟುಕೊಂಡಿದ್ದರು. ಎಲ್ಲವೂ 1983ರವು. ಬೇರೆ ಯಾವ ವರ್ಷದ್ದೂ ಅವರಿಗೆ ಬೇಡ.

ಒಂದು ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾಸೆಟ್ ಹಾಕಿದರು. ಹುವಾಂಗ್ ರೊಂಗ್ ಒಂದು ಕೋಳಿಯನ್ನು ಮಣ್ಣಿನಲ್ಲಿ ಮೆತ್ತಿ ಬೆಂಕಿಯಲ್ಲಿ ಸುಡುತ್ತಾಳೆ. ಘಮ ಹಿಡಿದು ಒಬ್ಬ ಮುದುಕ ಭಿಕ್ಷುಕ ಬರುತ್ತಾನೆ. ಅವನೇ ಹೊಂಗ್ ಚಿಗೊಂಗ್, ಭಿಕ್ಷುಕರ ಪಂಗಡದ ಮುಖಂಡ, ಲೋಕದ ದೊಡ್ಡ ವೀರರಲ್ಲಿ ಒಬ್ಬ. ಹಿಂದೊಮ್ಮೆ ತಿನ್ನುವ ಆಸೆಯಿಂದ ಒಂದು ಮುಖ್ಯ ಕೆಲಸ ಕೆಟ್ಟಿತೆಂದು ತನ್ನ ಬೆರಳನ್ನೇ ಕತ್ತರಿಸಿಕೊಂಡವನು. ಆದರೂ ಆಸೆ ಬಿಟ್ಟಿಲ್ಲ. ಹುಡುಗಿ ನೋಡುತ್ತಾಳೆ. ಈ ಮುದುಕನನ್ನು ಗೆಲ್ಲಲು ಕತ್ತಿ ಬೇಡ, ಬಾಣಲೆ ಸಾಕು! ದಿನಾ ಅಡುಗೆ ಮಾಡಿ ಹಾಕುತ್ತಾಳೆ. ಅದಕ್ಕೆ ಬದಲಾಗಿ ಮುದುಕ ಗುವೊ ಜಿಂಗ್‌ಗೆ ವಿದ್ಯೆ ಹೇಳಿಕೊಡಬೇಕು. ಡ್ರ್ಯಾಗನ್‌ಗಳನ್ನು ಮಣಿಸುವ ಹದಿನೆಂಟು ಅಂಗೈ ಏಟುಗಳು. ಒಂದು ತಿಂಗಳ ಊಟಕ್ಕೆ ಹದಿನೈದು ಏಟು ಕಲಿಸುತ್ತಾನೆ.

ಪೋಪೋ ಅಲ್ಲಿ ಕ್ಯಾಸೆಟ್ ನಿಲ್ಲಿಸಿದರು. "ಪುಸ್ತಕದಲ್ಲಿ ಇದು ಇನ್ನೂ ಚೆನ್ನಾಗಿದೆ" ಅಂದರು. ನನಗೆ ಅರ್ಥವಾಗುವ ಹಾಗೆ ಮುರುಕು ಮ್ಯಾಂಡರಿನ್‌ನಲ್ಲಿ ಹೇಳಿದರು.

ಪುಸ್ತಕದಲ್ಲಿ ಹೀಗಿದೆ. ದೊಡ್ಡ ದೊಡ್ಡ ಹೆಸರಿನ ಭಕ್ಷ್ಯಗಳನ್ನೆಲ್ಲ ಮಾಡಿ ಬಡಿಸಿದ ಮೇಲೆ ಹುಡುಗಿ ಹೇಳುತ್ತಾಳೆ, ನನ್ನ ಕೈಯ ಒಳ್ಳೆಯ ಅಡುಗೆ ನೀವಿನ್ನೂ ತಿಂದೇ ಇಲ್ಲ. ಯಾವುದಮ್ಮಾ ಅದು? ಹುರಿದ ಎಲೆಕೋಸು, ಹಬೆಯಲ್ಲಿ ಬೇಯಿಸಿದ ತೋಫು ಎಂಬ ಸೋಯಾ ಪನೀರು, ಬೇಯಿಸಿದ ಮೊಟ್ಟೆ. ಅಷ್ಟೇ! ಮುದುಕನಿಗೆ ಕೂಡಲೇ ಗೊತ್ತಾಗುತ್ತದೆ, ಈ ಹುಡುಗಿ ಸಾಮಾನ್ಯಳಲ್ಲ. ದಿನಬಳಕೆಯ ಅಡುಗೆಯಲ್ಲೇ ನಿಜವಾದ ಬಾಣಸಿಗರ ಕೈ ಕಾಣುವುದು, ಯುದ್ಧವಿದ್ಯೆಯೂ ಹಾಗೇ ಎಂದು ಅವನು ಬಲ್ಲ. ಆಮೇಲೆ ಆ ತೋಫು ನೋಡಿ. ಮುಟ್ಟಿದರೆ ಮುರಿಯುವ ಮೆತ್ತನೆಯ ತೋಫು. ಅದನ್ನು ಇಪ್ಪತ್ನಾಲ್ಕು ಉಂಡೆ ಮಾಡುತ್ತಾಳೆ. ಉಪ್ಪು ಹಾಕಿ ಒಣಗಿಸಿದ ಹಂದಿಯ ಇಡೀ ತೊಡೆಯಲ್ಲಿ ಇಪ್ಪತ್ನಾಲ್ಕು ಗುಳಿ ತೋಡಿ, ಒಂದೊಂದು ಗುಳಿಗೆ ಒಂದೊಂದು ಉಂಡೆ ಇಡುತ್ತಾಳೆ. ಕಟ್ಟಿ ಹಬೆಯಲ್ಲಿ ಬೇಯಿಸುತ್ತಾಳೆ. ಮಾಂಸದ ರುಚಿಯೆಲ್ಲ ತೋಫುವಿಗೆ ಇಳಿಯುತ್ತದೆ. ಮಾಂಸವನ್ನು ಎಸೆದುಬಿಡುತ್ತಾಳೆ! ಒಡೆಯದ ಹಾಗೆ ಆ ಉಂಡೆ ಮಾಡಲು ಬೇಕಾದ ಬೆರಳಿನ ಹಗುರವನ್ನು ಅವಳು ಕಲಿತದ್ದು ಅಪ್ಪನ ಯುದ್ಧವಿದ್ಯೆಯಿಂದ.

ಇಷ್ಟು ಹೇಳಿ ಪೋಪೋ ಎದ್ದು ಒಳಗೆ ಹೋದರು. ಎಲೆಕೋಸು ಹುರಿದು ತಂದು ನನ್ನ ಮುಂದೆ ಇಟ್ಟರು. ಎಣ್ಣೆ, ಉಪ್ಪು, ಬೆಳ್ಳುಳ್ಳಿ, ಅಷ್ಟೇ. ನಾನು ಆ ಊರಲ್ಲಿ ನೂರು ಕಡೆ ಎಲೆಕೋಸು ತಿಂದಿದ್ದೆ. ಅವರ ಮನೆಯದು ಬೇರೆಯೇ ಇತ್ತು. ಎಲ್ಲರೂ ಮಾಡುವ ಅಡುಗೆ ಆದ್ದರಿಂದಲೇ ಆ ವ್ಯತ್ಯಾಸ ನನ್ನ ನಾಲಿಗೆಗೆ ತಿಳಿಯಿತು. ಕಥೆಯೂ ಹೀಗೇ ಕೇಳುಗರೇ. ಕಥೆ ಗೊತ್ತಿದ್ದಾಗಲೇ ಕೈರುಚಿ ಗೊತ್ತಾಗುವುದು.

ಅದಾಗಿ ಸ್ವಲ್ಪ ದಿನಕ್ಕೆ, 1998ರಲ್ಲಿ, ಸಿಂಗಪುರದವರೇ ಒಂದು ಹೊಸ ಧಾರಾವಾಹಿ ಮಾಡಿದರು. ಇದು ಜಿನ್ ಯೊಂಗ್ ಅವರ ಇನ್ನೊಂದು ಕಥೆ, ಮೊದಲನೆಯದರ ಮುಂದುವರಿಕೆ. ಯಾಂಗ್ ಗುವೊ ಮತ್ತು ಶಿಯಾವ್‌ಲೊಂಗ್‌ನ್ಯೂ ಎಂಬ ಇಬ್ಬರ ಪ್ರೇಮಕಥೆ. ಹಾಂಗ್‌ಕಾಂಗ್‌ನಲ್ಲಿ 1983ರಲ್ಲಿ ಆಂಡಿ ಲಾವ್ ಯಾಂಗ್ ಗುವೊ ಆಗಿದ್ದರು. ಸಿಂಗಪುರದಲ್ಲಿ ಈಗ ಕ್ರಿಸ್ಟೋಫರ್ ಲೀ, ನಾಯಕಿಯಾಗಿ ಫ್ಯಾನ್ ವಾಂಗ್. ಇಪ್ಪತ್ತೇ ಕಂತು. ಮನೆಮಂದಿಯೆಲ್ಲ ಟೀವಿ ಮುಂದೆ. ಪೋಪೋ ಮಾತ್ರ ಕುರ್ಚಿಯನ್ನು ತಿರುಗಿಸಿ, ಟೀವಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಮಡಿಲಲ್ಲಿ ಹೆಸರುಕಾಳಿನ ಮೊಳಕೆ. ಒಂದೊಂದರದ್ದೇ ಬಾಲ ಮುರಿಯುತ್ತಾ, "ಇವಳು ಅವಳಲ್ಲ" ಅನ್ನುತ್ತಿದ್ದರು.

ಕೊನೆಯ ಕಂತುಗಳು ಬಂದವು. ನಾಯಕಿಗೆ ವಾಸಿಯಾಗದ ವಿಷ ಏರಿದೆ. ತಾನು ಸತ್ತರೆ ಗಂಡನೂ ಸಾಯುತ್ತಾನೆ ಅಂತ ಅವಳಿಗೆ ಗೊತ್ತು. ಹದಿನಾರು ವರ್ಷ ಆದಮೇಲೆ ಇಲ್ಲೇ ಸಿಗೋಣ ಅಂತ ಬಂಡೆಯ ಮೇಲೆ ಕೆತ್ತಿಟ್ಟು ಪ್ರಪಾತಕ್ಕೆ ಹಾರುತ್ತಾಳೆ. ಅವನು ಆ ಮಾತು ನಂಬಿ ಬದುಕುತ್ತಾನೆ. ಹದಿನಾರು ವರ್ಷ! ಆ ದಿನ ಬರುತ್ತದೆ. ಬಂಡೆಯ ಹತ್ತಿರ ಬಂದು ಕಾಯುತ್ತಾನೆ. ಹೊತ್ತು ಇಳಿಯುತ್ತದೆ, ಯಾರೂ ಬರುವುದಿಲ್ಲ.

ಪೋಪೋಗೆ ಈ ಕಥೆ ಬಾಯಿಪಾಠ. ಮುಂದೆ ಏನಾಗುತ್ತದೆ ಅಂತ ಆ ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತು. ಆದರೂ ಮೊಳಕೆಯ ಸದ್ದು ನಿಂತಿತು. ಕುರ್ಚಿ ಕಿರ್ರೆಂದಿತು. ಪೋಪೋ ಟೀವಿ ಕಡೆಗೆ ತಿರುಗಿ ಕೂತಿದ್ದರು. ಕಂತು ಮುಗಿದ ಮೇಲೆ ಒಂದೇ ಮಾತು ಹೇಳಿದರು. "ಆಗಿನವನು ಅಳುತ್ತಿದ್ದ. ಇವನು ಕಾಯುತ್ತಿದ್ದಾನೆ."

ಮಾರನೆಯ ದಿನ ಹಳೆಯ ಕ್ಯಾಸೆಟ್ ತೆಗೆದು ಅದೇ ದೃಶ್ಯ ಹಾಕಿದರು. ಇಬ್ಬರೂ ಕೂತು ನೋಡಿದೆವು. ಅವರ ಪ್ರೀತಿ 1983ರ ಮೇಲೇ ಇತ್ತು, ಅದೇನೂ ಬದಲಾಗಲಿಲ್ಲ. ಆದರೆ ಆ ಹಳೆಯ ದೃಶ್ಯದಲ್ಲಿ ಹದಿನೈದು ವರ್ಷ ಕಾಣದ್ದನ್ನು ಅವರು ಆವತ್ತು ಕಂಡರು. ಹೊಸದು ಬರದೇ ಹೋಗಿದ್ದರೆ ಕಾಣುತ್ತಿರಲಿಲ್ಲ.

ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿರಲಿಲ್ಲ. ಗಡಿಯಾರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಆಗಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಹಳೆಯದೇ ಚೆಂದ ಅನ್ನುವವರಿಗೆ ಒಂದು ಕಾರಣ ಇದೆ, ಅದು ಬಾರ್ಬರಾ ಯುಂಗ್. 1983ರ ಹುವಾಂಗ್ ರೊಂಗ್. ಇಂಗ್ಲೆಂಡಿನಲ್ಲಿದ್ದ ಹುಡುಗಿ, 1982ರ ಮಿಸ್ ಹಾಂಗ್‌ಕಾಂಗ್ ಸ್ಪರ್ಧೆಗೆ ಬಂದವಳು, ಟೀವಿಗೆ ಸೇರಿದಳು. 1985ರಲ್ಲಿ ತೀರಿಕೊಂಡಳು, ಇಪ್ಪತ್ತಾರೇ ವರ್ಷ. ಅವಳ ಹುವಾಂಗ್ ರೊಂಗ್‌ಗೆ ವಯಸ್ಸೇ ಆಗಲಿಲ್ಲ. ಅವಳನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಬೇರೆ ಯಾರೂ ಹಿಡಿಸುವುದಿಲ್ಲ. ಆ ದುಃಖವನ್ನು ನಾನು ಗೌರವಿಸುತ್ತೇನೆ. ಆದರೆ ಆ ದುಃಖವನ್ನೇ ಅಳತೆಗೋಲು ಮಾಡಿಕೊಂಡು ಹೊಸ ಹುಡುಗಿಯರನ್ನು ಅಳೆಯಬೇಡಿ. 2003ರಲ್ಲಿ ಝೌ ಶುನ್ ಆ ಪಾತ್ರ ಮಾಡಿದಾಗ ಅವರ ದನಿ ಒರಟು ಅಂದರು. 2014ರಲ್ಲಿ ಮಿಶೆಲ್ ಚೆನ್ ಶಿಯಾವ್‌ಲೊಂಗ್‌ನ್ಯೂ ಆದಾಗ, ಮುಖ ದುಂಡಗಿದೆ ಅಂತ 'ಶಿಯಾವ್‌ಲೊಂಗ್‌ಬಾವ್' ಎಂದು ಹೆಸರಿಟ್ಟರು. ಅದು ಹಬೆಯಲ್ಲಿ ಬೇಯಿಸುವ ಒಂದು ಕಡುಬು. ಅಭಿನಯ ನೋಡದೆ ಕೆನ್ನೆ ನೋಡುವುದು ಸರಿಯಲ್ಲ.

ಇನ್ನೊಂದು ವಿಷಯ. ಪುಸ್ತಕದಲ್ಲಿ ಇರುವುದನ್ನು ಮುಟ್ಟಲೇಬಾರದು ಅನ್ನುವವರು ಇದ್ದಾರೆ. ಅವರಿಗೆ ನಾನು ಕೇಳುವುದು, ಯಾವ ಪುಸ್ತಕ? ಜಿನ್ ಯೊಂಗ್ ಪತ್ರಿಕೆಗೆ ಬರೆದದ್ದು ಒಂದು. 1970ರಿಂದ ಹತ್ತು ವರ್ಷ ಕೂತು ಎಲ್ಲವನ್ನೂ ತಿದ್ದಿದರು, ಅದು ಎರಡು. 1999ರಿಂದ 2006ರವರೆಗೆ, ವಯಸ್ಸು ಎಪ್ಪತ್ತೈದು ದಾಟಿದ ಮೇಲೆ ಮತ್ತೆ ತಿದ್ದಿದರು, ಅದು ಮೂರು. ಬರೆದವರೇ ಮೂರು ಸಲ ಒಲೆ ಹಚ್ಚಿದ್ದಾರೆ! ಅದೇ ಜಿನ್ ಯೊಂಗ್ ಚೀನಾದ ಸರ್ಕಾರಿ ಟೀವಿಗೆ ಒಂದು ಕಾದಂಬರಿಯ ಹಕ್ಕನ್ನು ಒಂದೇ ಒಂದು ಯುವಾನ್‌ಗೆ ಕೊಟ್ಟರು. ಕಥೆಯನ್ನು ಕೆಡಿಸಬೇಡಿ, ಅಷ್ಟು ಸಾಕು ಅಂದರು. 2001ರಲ್ಲಿ ಅದು ನಲವತ್ತು ಕಂತಿನಲ್ಲಿ ಬಂತು. ಆಮೇಲೆ ಬಂದ ಗುವೊ ಜಿಂಗ್ ಕಥೆಗೆ ಝೆಜಿಯಾಂಗ್‌ನ ತಾವ್‌ಹುವಾ ದ್ವೀಪದಲ್ಲಿ ಒಂದು ಹಳೇ ಪೇಟೆಯನ್ನೇ ಕಟ್ಟಿದರು. ಅದಕ್ಕೆ ಮೊದಲು ಹಾಂಗ್‌ಕಾಂಗ್‌ನವರು ಎಷ್ಟೋ ಬೆಟ್ಟಗುಡ್ಡಗಳನ್ನು ಸ್ಟುಡಿಯೊ ಒಳಗೇ ಮಾಡಿಕೊಂಡಿದ್ದರು. ಒಬ್ಬರಿಗೆ ಬೆಟ್ಟ ಇತ್ತು, ಒಬ್ಬರಿಗೆ ಬಾರ್ಬರಾ ಯುಂಗ್ ಇದ್ದಳು.

ನಮಗೆ ಇದು ಹೊಸದೂ ಅಲ್ಲ. ಗದಾಯುದ್ಧದ ಆಟ ನೋಡಲು ರಾತ್ರಿಯಿಡೀ ಕೂರುವವರಿಗೆ ದುರ್ಯೋಧನನ ತೊಡೆ ಮುರಿಯುತ್ತದೆ ಅಂತ ಗೊತ್ತಿಲ್ಲವಾ? ಈ ಸಲದ ವೇಷಧಾರಿ ಸರೋವರದಿಂದ ಹೇಗೆ ಏಳುತ್ತಾನೆ ಅಂತ ನೋಡಲು ಕೂರುತ್ತಾರೆ. ಹಾಗಾಗಿ ದಯವಿಟ್ಟು ಇನ್ನೊಮ್ಮೆ "ಹೊಸ ಕಥೆ ಇಲ್ವಾ" ಅಂತ ಕೇಳಬೇಡಿ.

ನನಗೆ ಬೇಸರ ಆಗುವುದು ಒಂದಕ್ಕೇ, ಅವಸರಕ್ಕೆ. ಹೊಡೆದಾಟಕ್ಕೆ ಜಾಗ ಬೇಕು ಅಂತ ಅಡುಗೆಯ ದೃಶ್ಯವನ್ನು ಎರಡು ನಿಮಿಷಕ್ಕೆ ಇಳಿಸಿಬಿಡುತ್ತಾರೆ. ಗಾಳಿಯಲ್ಲಿ ಹಾರುವುದನ್ನು ಕಂಪ್ಯೂಟರ್ ಮಾಡಿಕೊಡುತ್ತದೆ. ಕೋಸು ಹುರಿಯುವಾಗ ಹುಡುಗಿಯ ಕಣ್ಣಲ್ಲಿ ಏನಿರಬೇಕು ಅನ್ನುವುದನ್ನು ಅದು ಮಾಡಿಕೊಡುವುದಿಲ್ಲ. ನೀವು ಯಾವುದೇ ವರ್ಷದ ಧಾರಾವಾಹಿ ನೋಡಿ, ಮೊದಲು ಭಿಕ್ಷುಕ ಊಟಕ್ಕೆ ಬರುವ ಕಂತು ಹುಡುಕಿ. ಅದು ಚೆನ್ನಾಗಿದ್ದರೆ ಉಳಿದದ್ದನ್ನು ನೋಡಿ.

ಇನ್ನು ಎರಡು ನಿಮಿಷ ಇದೆಯಂತೆ. ಒಂದೇ ಒಂದು ಸಂಗತಿ ಹೇಳಿಬಿಡುತ್ತೇನೆ.

ಜಿನ್ ಯೊಂಗ್ ಅವರ ಮೂರನೆಯ ಒಂದು ಕಥೆಯಲ್ಲಿ ಝೌ ಝಿರುವೊ ಎಂಬ ಹುಡುಗಿ ಇದ್ದಾಳೆ. ಅವಳ ಗುರು ಮಿಯೆಜುವೆ ಎಂಬ ಕಠಿಣ ಸನ್ಯಾಸಿನಿ. ಒಂದು ಗೋಪುರದ ಮೇಲೆ, ಸಾವು ಎದುರಿಗೆ ಇರುವಾಗ, ಗುರು ಶಿಷ್ಯೆಯಿಂದ ಭಾಷೆ ತೆಗೆದುಕೊಳ್ಳುತ್ತಾಳೆ, ನೀನು ಪ್ರೀತಿಸಿದವನನ್ನು ಯಾವತ್ತೂ ಮದುವೆಯಾಗಬಾರದು. 1994ರಲ್ಲಿ ತೈವಾನ್‌ನವರು ಇದನ್ನು ಮಾಡಿದಾಗ ಶಿಷ್ಯೆಯ ಪಾತ್ರ ಮಾಡಿದವರು ಹಾಂಗ್‌ಕಾಂಗ್‌ನ ನಟಿ ಕ್ಯಾಥಿ ಚೌ. 2019ರಲ್ಲಿ ಅದೇ ಕಥೆ ಮತ್ತೆ ಬಂತು. ಅದರಲ್ಲೂ ಕ್ಯಾಥಿ ಚೌ ಇದ್ದರು. ಈ ಸಲ ಅವರು ಗುರು. ಇಪ್ಪತ್ತೈದು ವರ್ಷದ ಹಿಂದೆ ತಾವು ಕೊಟ್ಟ ಭಾಷೆಯನ್ನು, ತಮ್ಮ ಮುಂದಿದ್ದ ಎಳೆಯ ನಟಿಯಿಂದ ಈಗ ಅವರೇ ತೆಗೆದುಕೊಂಡರು. ಪೋಪೋ ಇದನ್ನು ನೋಡಿದ್ದರೆ ಏನು ಅನ್ನುತ್ತಿದ್ದರೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ನಮಸ್ಕಾರ.