ಅರವತ್ತು ಪೌಂಡ್ ಸಾಲ

ನಮಸ್ಕಾರ. ಪತ್ತೇದಾರಿ ಕಥೆ ಬರೆಯುವ ಹುಮ್ಮಸ್ಸಿನ ಎಳೆಯರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಈ ವಿಷಯ ಆರಿಸಿಕೊಂಡದ್ದು ನಿಮಗಾಗಿಯೇ. ನಿಮ್ಮ ಹಸ್ತಪ್ರತಿಗಳಲ್ಲಿ ಕಾಣದ ಶತ್ರು ಎಂದರೆ ಮಹಾ ಬುದ್ಧಿವಂತ, ಮರೆಯಲ್ಲಿ ಕೂತೇ ಊರನ್ನು ಕುಣಿಸುವವನು. ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ ಶತ್ರುವಿನ ಬಲವೆಲ್ಲ ಒಬ್ಬ ಪೊಲೀಸ್ ಅಧಿಕಾರಿಯ ಸಾಲದಲ್ಲಿತ್ತು.

ಹ್ಯಾರಿ ಬೆನ್ಸನ್ ಅಂತ ಒಬ್ಬ. ಸೊಗಸಾದ ಫ್ರೆಂಚ್ ಮಾತಾಡುತ್ತಿದ್ದ. ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಹಾಳಾದ ಷಾಟೊಡನ್ ಊರಿನ ಮೇಯರ್ ತಾನೇ ಎಂದು ನಂಬಿಸಿ, ಸಂತ್ರಸ್ತರ ಹೆಸರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಕೈಯಿಂದ 1000 ಪೌಂಡ್ ಇಸಕೊಂಡ. ಸಿಕ್ಕಿಬಿದ್ದು ಜೈಲು ಸೇರಿದ. ಅಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಜೀವ ಉಳಿಯಿತು, ಆದರೆ ಅಂಗವಿಕಲನಾದ. ಹೊರಗೆ ಬಂದವನೇ ಕುದುರೆಜೂಜಿನ ಮೋಸಗಾರ ವಿಲಿಯಂ ಕರ್ ಜೊತೆ ಕೈಸೇರಿಸಿದ.

ಇಬ್ಬರೂ ಸೇರಿ ಮಾಡಿದ್ದೇನು ಗೊತ್ತೇ? ಒಂದು ಸುಳ್ಳು ಪತ್ರಿಕೆಯನ್ನೇ ಅಚ್ಚು ಹಾಕಿಸಿದರು! ಅದರ ತುಂಬ ಮಾಂಟ್ಗೊಮೆರಿ ಎಂಬ ಇಲ್ಲದ ಮನುಷ್ಯನ ಗುಣಗಾನ. ಇವನು ಗೆಲ್ಲುವ ಪರಿಗೆ ಬುಕ್ಕಿಗಳು ಇವನ ಬಾಜಿಯನ್ನೇ ಮುಟ್ಟುವುದಿಲ್ಲವಂತೆ. ಅದನ್ನು ಫ್ರಾನ್ಸಿನ ಸಿರಿವಂತರಿಗೆ ಕಳಿಸಿದರು. "ನಿಮ್ಮ ಹೆಸರಲ್ಲಿ ನನ್ನ ಬಾಜಿ ಕಟ್ಟಿಕೊಡಿ" ಎಂದು ಪತ್ರ, ಜೊತೆಗೊಂದು ಖೊಟ್ಟಿ ಚೆಕ್ಕು. ನಂಬಿಕೆ ಕುದುರಿದ ಮೇಲೆ ಅವರ ಸ್ವಂತ ದುಡ್ಡಿಗೇ ಕೈ. ಗೊಂಕೂರ್ ಮನೆತನದ ಕೌಂಟೆಸ್ ಒಬ್ಬಳು 1876ರಲ್ಲಿ ಹೀಗೇ ಸುಮಾರು 10,000 ಪೌಂಡ್ ಕಳೆದುಕೊಂಡಳು. ಇನ್ನೂ ದೊಡ್ಡ ಮೊತ್ತ ಕೇಳಿದಾಗ ಸಂಶಯ ಹುಟ್ಟಿತು, ವಿಷಯ ವಕೀಲರ ಕೈಗೆ ಹೋಯಿತು.

ಲಂಡನ್ ಪೊಲೀಸರ ಕೇಂದ್ರ ಸ್ಕಾಟ್ಲೆಂಡ್ ಯಾರ್ಡ್ ಬೆನ್ನು ಹತ್ತಿತು. ಪೊಲೀಸರ ನಡೆ ಆ ಗುಂಪಿಗೆ ಮೊದಲೇ ತಿಳಿಯುತ್ತಿತ್ತು. ಮಿಕಲ್‌ಜಾನ್ ಎಂಬ ಇನ್‌ಸ್ಪೆಕ್ಟರ್ ವರ್ಷಗಳಿಂದ ಕರ್‌ನ ದುಡ್ಡು ತಿನ್ನುತ್ತಿದ್ದ. ಆದರೆ ನನ್ನನ್ನು ಕಾಡುವವನು ನಥಾನಿಯಲ್ ಡ್ರಸ್ಕೊವಿಚ್. ಹಲವು ಭಾಷೆ ಬಲ್ಲ ಚೀಫ್ ಇನ್‌ಸ್ಪೆಕ್ಟರ್. 60 ಪೌಂಡ್ ತೀರಿಸಬೇಕಾಗಿ ಬಂದು ಕಂಗಾಲಾಗಿದ್ದಾಗ ಮಿಕಲ್‌ಜಾನ್ ಅವನನ್ನು ಕರ್‌ಗೆ ಪರಿಚಯ ಮಾಡಿಸಿದ. ಕರ್ ನಗುನಗುತ್ತ ಸಾಲ ಕೊಟ್ಟ. ಅಲ್ಲಿಗೆ ಮುಗಿಯಿತು. ಸಾಲ, ಸ್ನೇಹಿತರೇ, ಸಾಲ!

ಬೆನ್ಸನ್ ರಾಟರ್‌ಡ್ಯಾಮ್‌ನಲ್ಲಿ ಸೆರೆಸಿಕ್ಕ. ಅವನನ್ನು ಬಿಟ್ಟುಬಿಡಿ ಎಂದು ಯಾರ್ಡಿನ ಹೆಸರಲ್ಲೇ ಡಚ್ ಪೊಲೀಸರಿಗೆ ಸುಳ್ಳು ತಂತಿ ಹೋಯಿತು. ಅವರು ಮೋಸ ಹೋಗಲಿಲ್ಲ. ಕೊನೆಗೆ ಅವನನ್ನು ಕರೆತರಲು ಯಾರ್ಡ್ ಕಳಿಸಿದ್ದು ಯಾರನ್ನು? ಡ್ರಸ್ಕೊವಿಚ್‌ನನ್ನೇ! ಆ ಪ್ರಯಾಣದಲ್ಲಿ ಇಬ್ಬರೂ ಏನು ಮಾತಾಡಿಕೊಂಡಿರಬಹುದು? ಒಂದು ಇಡೀ ಅಧ್ಯಾಯ ಅಲ್ಲಿದೆ, ಬರೆಯುವವರು ಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಮುಗಿಸುತ್ತೇನೆ. ಬೆನ್ಸನ್‌ಗೆ 15 ವರ್ಷ, ಕರ್‌ಗೆ 10 ವರ್ಷ ಶಿಕ್ಷೆಯಾಯಿತು. ಶಿಕ್ಷೆ ಬಿದ್ದಮೇಲೆ ಇಬ್ಬರೂ ಬಾಯಿ ಬಿಟ್ಟರು. 1877ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ ಕಟಕಟೆಯಲ್ಲಿ ಪತ್ತೇದಾರರೇ ನಿಂತರು. ಮಿಕಲ್‌ಜಾನ್, ಡ್ರಸ್ಕೊವಿಚ್, ಪಾಮರ್ ಎಂಬ ಇನ್ನೊಬ್ಬ ಅಧಿಕಾರಿ ಮತ್ತು ಫ್ರಾಗಟ್ ಎಂಬ ವಕೀಲ, ನಾಲ್ವರಿಗೂ ಎರಡೆರಡು ವರ್ಷ ಕಠಿಣ ಶಿಕ್ಷೆ. ಕ್ಲಾರ್ಕ್ ಎಂಬ ಅಧಿಕಾರಿ ಖುಲಾಸೆಯಾದ. ಮರುವರ್ಷ ಯಾರ್ಡಿನ ಹಳೆಯ ಪತ್ತೇದಾರಿ ವಿಭಾಗ ಹೋಗಿ ಸಿಐಡಿ ಹುಟ್ಟಿತು.

ಷರ್ಲಾಕ್ ಹೋಮ್ಸ್ ಬಂದದ್ದು 1887ರಲ್ಲಿ, ಪೊಲೀಸ್ ಇಲಾಖೆಯ ಹೊರಗಿನವನಾಗಿ. ಇಂಥದೊಂದು ವಿಚಾರಣೆ ಕಂಡ ಓದುಗರಿಗೆ ಅವನು ಒಗ್ಗಿದ್ದರಲ್ಲಿ ನನಗೆ ಅಚ್ಚರಿಯಿಲ್ಲ. ಅದನ್ನು ವಿವರಿಸಲು ಈಗ ಹೊತ್ತಿಲ್ಲ. ಮಿಕಲ್‌ಜಾನ್ ಜೈಲಿನಿಂದ ಬಂದಮೇಲೆ ಖಾಸಗಿ ಪತ್ತೇದಾರನಾದ. ಅವನ ಬಾಗಿಲು ತಟ್ಟಿದ ಕಕ್ಷಿದಾರರು ಯಾರಿರಬಹುದು? ನಿಮ್ಮಲ್ಲಿ ಯಾರಾದರೂ ಅಲ್ಲಿಂದಲೇ ಶುರುಮಾಡಿ. ಪ್ರಶ್ನೆಗಳಿದ್ದರೆ ಕೇಳಿ.