ಕುಲಾವಿ ತಿರುಗಿಸಿ ನೋಡಿ

ಎಲ್ರಿಗೂ ನಮಸ್ಕಾರ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಡಿಸೆಂಬರ್ ಅಂದ್ರೆ ನಂದಿಬೆಟ್ಟದ ಮಂಜು ಬಾಗಿಲಿಗೇ ಬಂದು ಕೂತಿರುತ್ತೆ, ಅದಕ್ಕೇ ಈ ತಿಂಗಳು ಹೊಲಿಗೆ ಕಲಿಯೋಕೆ ಬರೋರೆಲ್ಲ ಪಾಪೂಗೆ ಏನಾದ್ರೂ ಹೊಲಿಯೋದು ಹೇಳ್ಕೊಡಿ, ಮಿಷನ್ ಈಗಷ್ಟೇ ತಗೊಂಡಿದೀನಿ ಅಂತಾರೆ, ಕೈಯಲ್ಲಿ ಫೋನು, ಫೋನಲ್ಲಿ ಫ್ರಿಲ್ ಫ್ರಾಕು. ಫ್ರಾಕು ಆಮೇಲೆ. ಮೊದಲು ಕುಲಾವಿ, ಅಂದ್ರೆ ಕೂಸಿನ ಟೋಪಿ, ಆಮೇಲೆ ಜಬಲ, ಅಂದ್ರೆ ಕೂಸಿನ ಸಡಿಲ ಅಂಗಿ.

ನಾನು ಮೊದಲು ಕುಲಾವಿ ಹೊಲಿದಿದ್ದು ಚಿಂತಾಮಣೀಲಿ, ಅಕ್ಕನ ಬಾಣಂತನದಲ್ಲಿ. ಅಂಗಡಿಯಿಂದ ಹೊಸ ಬಟ್ಟೆ, ಲೇಸು, ಗದ್ದದ ಕೆಳಗೆ ಕಟ್ಟೋಕೆ ಉದ್ದ ರಿಬ್ಬನ್ನು, ಎರಡು ರಾತ್ರಿ ಕೂತು ಕೈಹೊಲಿಗೆ. ಹಾಕಿದ ತಕ್ಷಣ ಮಗು ಅಳು. ಹಸಿವು ಅಂದ್ರು, ಹೊಟ್ಟೆನೋವು ಅಂದ್ರು, ಒಬ್ರು ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸೋಕೇ ಎದ್ರು. ಅಜ್ಜಿ ಮಾತ್ರ ಏನೂ ಹೇಳ್ದೆ ಕುಲಾವಿ ಬಿಚ್ಚಿ, ಒಳಗೆ ಎರಡು ಬೆರಳು ಬಿಟ್ಟು ಒಂದು ಸುತ್ತು ಸವರಿದ್ರು. ಮಗೂ ಕಿವಿ ಮೇಲೆ ಕೆಂಪು ಗೆರೆ. ಹೊಲಿಗೆ ದಿಂಡು, ಅದರ ತುದೀಲಿ ನಾನು ಹಾಕಿದ್ದ ಗಂಟು! ಲೇಸು, ರಿಬ್ಬನ್ನು ಎರಡೂ ಕಿತ್ತಾಕಿ, ಕುಲಾವಿ ಉಲ್ಟಾ ಮಾಡಿ ಹಾಕಿದ್ರು, ಮಗು ಸುಮ್ನಾಯ್ತು. "ನೀನು ಹೊರಗಡೆಯಿಂದ ನೋಡ್ತೀಯ, ಅದು ಒಳಗಡೆಯಿಂದ ಹಾಕ್ಕೊಳುತ್ತೆ ಕಣೇ" ಅಂದ್ರು.

ಅದಕ್ಕೇ ನಾನು ಬೇಜಾರಾದ್ರೂ ಪರವಾಗಿಲ್ಲ ಅಂತ ಇದನ್ನೇ ಹೇಳೋದು, ಒಳಗಡೆ ತಿರುಗಿಸಿ ನೋಡಿ. ನಮ್ಮ ಕಡೆ ಎಳೆಕೂಸಿಗೆ ಹಳೇ ಬಟ್ಟೆ ಹಾಕೋದು ಬಡತನಕ್ಕಲ್ಲ, ಹತ್ತಾರು ಸಲ ಒಗೆದ ಕಾಟನ್ ಸೀರೇಲಿ ಗಂಜಿ ಹೋಗಿರುತ್ತೆ, ಮೆತ್ತಗಿರುತ್ತೆ, ಇನ್ನು ಕುಗ್ಗಲ್ಲ. ಹೊಸ ಬಟ್ಟೆನೇ ಬೇಕು ಅಂದ್ರೆ ಕತ್ತರಿಸೋಕೆ ಮುಂಚೆ ಒಗೆದು ಒಣಗಿಸಿ. ಶಿಡ್ಲಘಟ್ಟದೋರು ರೇಷ್ಮೆ ಕೇಳ್ತೀರ, ಗೊತ್ತು, ಗೂಡಿನ ಮಾರ್ಕೆಟ್ ಊರು ನಿಮ್ದು, ನಾಮಕರಣದ ದಿನ ಹಾಕಿ, ದಿನಾ ಹಾಲು ಕಕ್ಕೋ ಮಗೂಗೆ ಬೇಡ.

ಜಬಲದ ಪಕ್ಕದ ಹೊಲಿಗೆ ಹೀಗೆ. ಉಲ್ಟಾ ಬದಿ ಉಲ್ಟಾ ಬದಿಗೆ ಸೇರಿಸಿ ಅಂಚಿಂದ 5 ಮಿಲಿಮೀಟರ್ ಬಿಟ್ಟು ಹೊಲೀರಿ, ಅಂಚನ್ನ 3 ಮಿಲಿಮೀಟರಿಗೆ ಕತ್ತರಿಸಿ, ತಿರುಗಿಸಿ ಮಡಚಿ 6 ಮಿಲಿಮೀಟರಲ್ಲಿ ಇನ್ನೊಂದು ಹೊಲಿಗೆ, ಎಳೆ ಬಿಟ್ಕೊಂಡಿರೋ ಅಂಚು ಒಳಗೇ ಮುಚ್ಚಿಹೋಗುತ್ತೆ. ಕುತ್ತಿಗೆ ಹತ್ರ ಕಸೆ ಬೇಡವೇ ಬೇಡ, ಕಂಕುಳ ಕೆಳಗೆ ಪಕ್ಕದಲ್ಲಿ ಚಿಕ್ಕದಾಗಿ ಇಡಿ. ಗುಂಡಿ, ಮಣಿ ಕಿತ್ತು ಬಂದ್ರೆ ಸೀದಾ ಬಾಯಿಗೆ, ಗಂಟಲಲ್ಲಿ ಸಿಕ್ಕಿಕೊಳುತ್ತೆ.

ಟೈಮ್ ಆಯ್ತು ಅಂತಿದಾರೆ, ಉಲ್ಲನ್ ಟೋಪಿ ಹೆಣೆಯೋದು ಬೇಗ ಹೇಳ್ಬಿಡ್ತೀನಿ. 4 ಮಿಲಿಮೀಟರ್ ಕಡ್ಡಿ, ಮೆತ್ತನೆ ಎಳೆ, 70 ಕುಣಿಕೆ, ಎಲ್ಲಾ ಸಾಲೂ ಸೀದಾ ಹೆಣಿಗೆ, ಉಲ್ಟಾ ಹೆಣಿಗೆ ಕಲಿಯೋದೇ ಬೇಕಿಲ್ಲ. ಸುಮಾರು 16 ಸೆಂಟಿಮೀಟರ್ ಆದ್ಮೇಲೆ ಸೂಜೀಲಿ ಎಲ್ಲಾ ಕುಣಿಕೆ ಪೋಣಿಸಿ ಎಳೆದು ಬಿಗಿ ಮಾಡಿ, ಪಕ್ಕ ಹೊಲೀರಿ. ಹುಟ್ಟಿದ ಮಗು ತಲೆ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಟೋಪಿ 32 ಇದ್ರೂ ಹಿಗ್ಗುತ್ತೆ. ಇದು ಹೊರಗೆ ಹೋಗೋವಾಗ ಹಾಕೋದು, ಮನೇಲಿ ಮಲಗಿದಾಗ ತೆಗೀರಿ, ಮುಖದ ಮೇಲೆ ಜಾರಬಾರದು, ಮೈ ತುಂಬಾ ಬಿಸಿನೂ ಆಗಬಾರದು.

ಹೊದಿಕೆ ವಿಷಯ ಇನ್ನೊಂದು ದಿನ ಹೇಳ್ತೀನಿ. ಮನೆಯಿಂದ ಕುಲಾವಿ ತಂದಿದೀರಲ್ಲ, ಎಲ್ರೂ ಉಲ್ಟಾ ಮಾಡಿ ಮಡಿಲಲ್ಲಿಟ್ಕೊಳಿ, ನಾನೇ ಬಂದು ಬೆರಳಾಡಿಸಿ ನೋಡ್ತೀನಿ.